ತಾತನ ಹೆರಾಲ್ಡ್, ಸ್ಪಿಟ್‌ಫೈರ್‌ನ ಬುಷ್

(1/3)
ಅಂಗೈ ಮೇಲೆ ಇರೋದು ಏನು ಅಂತ ನಿನ್ನೆ ಸ್ಟೋರಿಯಲ್ಲಿ ಕೇಳಿದ್ದೆ. ಅರ್ಧ ಜನ ಪೆನ್ ಕ್ಯಾಪ್ ಅಂದ್ರಿ, ಒಬ್ಬ ಸುಟ್ಟ ನಿಪ್ಪಟ್ಟು ಅಂದ. ಅದು ಕರಗಿದ ನೈಲಾನ್ ಬುಷ್. ಇದನ್ನ ಹೊರಗೆ ತೆಗೆಯೋಕೆ ನಂಗೂ ದೊಡ್ಡಪ್ಪಂಗೂ ಮೂರು ಭಾನುವಾರ ಬೇಕಾಯ್ತು.

ಮೈಸೂರಿನ ನಮ್ಮನೆ ಶೆಡ್‌ನಲ್ಲಿರೋ ತಾತನ ಸ್ಟ್ಯಾಂಡರ್ಡ್ ಹೆರಾಲ್ಡ್ ನಿಮಗೆ ಗೊತ್ತೇ ಇದೆ. ಸ್ಪೋರ್ಟ್ಸ್ ಕಾರ್ ಅಲ್ಲ, ಒಪ್ತೀನಿ. ಆದ್ರೆ ಮುಂದಿನ ಚಕ್ರ ಬಿಚ್ಚಿ ನೋಡಿದ್ರೆ ಒಳಗಿರೋದು ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರಿನದೇ ಕೀಲು. ಅದು ಹೇಗೆ ಅನ್ನೋದಕ್ಕೆ ಇಂಗ್ಲೆಂಡಿನ ಕಾವೆಂಟ್ರಿಗೆ ಹೋಗಬೇಕು.

1953ರಲ್ಲಿ ಬಿಎಂಸಿ ಅನ್ನೋ ದೊಡ್ಡ ಕಂಪನಿ, ಫಿಶರ್ ಅಂಡ್ ಲಡ್ಲೋ ಅನ್ನೋ ಬಾಡಿ ತಯಾರಕರನ್ನ ಕೊಂಡುಕೊಂಡಿತು. ಕಾವೆಂಟ್ರಿಯ ಸ್ಟ್ಯಾಂಡರ್ಡ್ ಕಂಪನಿಗೆ ಬಾಡಿ ಬರ್ತಾ ಇದ್ದದ್ದು ಅಲ್ಲಿಂದಲೇ. ಅಂದ್ರೆ ಸಪ್ಲೈಯರ್ ಎದುರಾಳಿಯ ಜೇಬಿಗೆ ಹೋದ. (ನಮ್ಮ ಬಿಕಾಂ ಸಿಲೆಬಸ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.) ಬೇರೆಯವರೆಲ್ಲ ಚಾಸಿ, ಬಾಡಿ ಎರಡೂ ಒಂದೇ ಆಗಿರೋ ಕಾರಿನ ಕಡೆ ಹೊರಟಿದ್ದಾಗ ಇವರು ಹಳೇ ದಾರಿಗೆ ವಾಪಸ್ ಬಂದ್ರು: ಬೇರೆ ಚಾಸಿ, ಅದರ ಮೇಲೆ ತುಂಡು ತುಂಡಾಗಿ ತಂದು ಬೋಲ್ಟ್ ಹಾಕಿದ ಬಾಡಿ. 1959ರ ಏಪ್ರಿಲ್‌ನಲ್ಲಿ ಬಂದ ಹೆರಾಲ್ಡ್ ಅದೇ. ರೂಪ ಕೊಟ್ಟಿದ್ದು ಇಟಲಿಯ ಮಿಕೆಲೊಟ್ಟಿ.

(2/3)
ಬಾಡಿ ಸಿಗದೆ ಹಿಡಿದ ಈ ದಾರಿಯಿಂದ ಎರಡು ಲಾಭ ಆಯ್ತು. ಒಂದು, ಚಾಸಿ ಬೇರೆ ಇರೋದ್ರಿಂದ ಅದನ್ನೇ ಗಿಡ್ಡ ಮಾಡಿ ಇನ್ನೊಂದು ಕಾರು ಕಟ್ಟಬಹುದು. ಹೆರಾಲ್ಡ್‌ನ ಮುಂದಿನ-ಹಿಂದಿನ ಚಕ್ರಗಳ ನಡುವೆ 91.5 ಇಂಚು, ಸ್ಪಿಟ್‌ಫೈರ್‌ನಲ್ಲಿ 83. ಆ ಸ್ಪಿಟ್‌ಫೈರ್‌ನ ಮಾದರಿ ಕಾರು ದುಡ್ಡಿಲ್ಲದೆ ಫ್ಯಾಕ್ಟರಿ ಮೂಲೇಲಿ ಬಟ್ಟೆ ಹೊದ್ದು ಕೂತಿತ್ತು. 1961ರಲ್ಲಿ ಲೇಲ್ಯಾಂಡ್ ಕಂಪನಿ ಬಂದು ಎಲ್ಲಾನೂ ಕೊಂಡ್ಮೇಲೆ ಅದಕ್ಕೆ ಜೀವ ಬಂತು. 1962ರಲ್ಲಿ ಮಾರುಕಟ್ಟೆಗೆ ಬಂದದ್ದು 1980ರವರೆಗೆ 3 ಲಕ್ಷಕ್ಕೂ ಮೇಲೆ ತಯಾರಾಯ್ತು. ಮುಂದಿನ ಚಕ್ರದ ಕೀಲು ಮಾತ್ರ ಹೆರಾಲ್ಡ್‌ನದೇ. ಲೋಟಸ್ ಎಲಾನ್ ಕೂಡ ಇದೇ ಕುಟುಂಬದ ಕೀಲನ್ನ ಬಳಸಿತು!

ಎರಡನೇ ಲಾಭ: ಬಿಡಿಭಾಗ ಕಳಿಸಿ ಬೇರೆ ದೇಶದಲ್ಲಿ ಜೋಡಿಸೋದು ಸುಲಭ. 1961ರಿಂದ ಮದ್ರಾಸಿನಲ್ಲಿ ಹೆರಾಲ್ಡ್ ತಯಾರಾಗೋಕೆ ಶುರುವಾಯ್ತು. ಅಲ್ಲಿಂದ ಒಂದು ನಮ್ಮ ತಾತನ ಕೈಗೆ ಬಂತು.

ಈಗ ಕೀಲಿಗೆ ಬರೋಣ. ಇದರ ಹೆಸರು ಟ್ರನಿಯನ್. ಮುಷ್ಟಿಯಷ್ಟು ಕಂಚಿನ ತುಂಡು. ಚಕ್ರ ಹೊತ್ತಿರೋ ಉಕ್ಕಿನ ಕಂಬ ಇದರೊಳಗೆ ಸ್ಕ್ರೂ ಥರ ಕೂರುತ್ತೆ, ಸ್ಟೀರಿಂಗ್ ತಿರುಗಿಸಿದ್ರೆ ಆ ಮರೆಯಲ್ಲೇ ತಿರುಗುತ್ತೆ. ಕಂಚಿನ ಕೆಳಭಾಗದಲ್ಲಿ ಅಡ್ಡ ತೂತು. ಅದರೊಳಗೆ ಎರಡು ನೈಲಾನ್ ಬುಷ್, ಬುಷ್ ಒಳಗೆ ಉಕ್ಕಿನ ಕೊಳವೆ, ಕೊಳವೆಯೊಳಗೆ ಉದ್ದ ಬೋಲ್ಟ್. ಚಕ್ರ ಮೇಲೆ-ಕೆಳಗೆ ಆಡೋದು ಈ ಬುಷ್ ಮೇಲೆ. ಬುಷ್ ಸವೆದ್ರೆ ಚಕ್ರ ಅಲ್ಲಾಡುತ್ತೆ. ಕಂಬದ ಮರೆ ಮುರಿದ್ರೆ ಚಕ್ರ ಮಡಚಿಕೊಂಡು ಕಾರು ಮೂಗು ನೆಲಕ್ಕೆ ಊರುತ್ತೆ. ಅದಕ್ಕೇ ಅಪ್ಪನ ಷರತ್ತು: ಇದು ಸರಿಯಾಗೋವರೆಗೂ ಕಾರು ಗೇಟ್ ದಾಟಬಾರದು, ದೀಪಾವಳಿಯೊಳಗೆ ಆಗದಿದ್ರೆ ಗುಜರಿ.

(3/3)
ಮೊದಲನೇ ಭಾನುವಾರ: ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇಳಿಸಿದ್ವಿ, ನಟ್ ಬಿಚ್ಚಿದ್ವಿ. ಬೋಲ್ಟ್ ಅಲುಗಲಿಲ್ಲ. ನೀರು ಒಳಗೆ ಹೋಗಿ ಬೋಲ್ಟೂ ಕೊಳವೆಯೂ ತುಕ್ಕಲ್ಲಿ ಒಂದಾಗಿದ್ವು. ತುಕ್ಕಿನ ಸ್ಪ್ರೇ ಹೊಡೆದು ವಾರ ಬಿಟ್ವಿ.

ಎರಡನೇ ಭಾನುವಾರ ಸುತ್ತಿಗೆ. ಇಲ್ಲಿ ಒಂದು ಮೋಸ ಇದೆ: ಸ್ಪ್ಯಾನರ್ ಹಾಕಿದ್ರೆ ಬೋಲ್ಟ್ ಆರಾಮಾಗಿ ತಿರುಗುತ್ತೆ. ಬಿಟ್ಕೊಳ್ತು ಅಂತ ನಾನು ಕುಣಿದೇಬಿಟ್ಟೆ. ನಿಜಕ್ಕೂ ಬೋಲ್ಟ್ ಜೊತೆ ಕೊಳವೆನೂ ನೈಲಾನ್ ಒಳಗೆ ತಿರುಗ್ತಾ ಇತ್ತು. ಸುತ್ತಿಗೆ ಏಟಿಗೆ ಬೋಲ್ಟ್ ತಲೆ ಅಣಬೆ ಆಯ್ತು ಅಷ್ಟೇ.

ಮೂರನೇ ವಾರ ಬೆಂಕಿ ಇಟ್ವಿ. ನೈಲಾನ್ ಕರಗಿ ಹೊಗೆ ಬಂತು (ಆ ವಾಸನೆ ಇನ್ನೂ ಶರ್ಟಲ್ಲಿದೆ), ಬೋಲ್ಟ್ ಅಲ್ಲೇ ಇತ್ತು. ಕೊನೆಗೆ ದೊಡ್ಡಪ್ಪ, "ಇದು ಮಾತು ಕೇಳೋ ಜಾತಿ ಅಲ್ಲ ಕಣೋ, ಕೊಯ್ದುಬಿಡೋಣ" ಅಂದ್ರು. ಟ್ರನಿಯನ್‌ಗೂ ಅದನ್ನ ಹಿಡಿದಿರೋ ಕೈಗಳಿಗೂ ಮಧ್ಯೆ ಬ್ಲೇಡ್ ಹೋಗೋವಷ್ಟು ಸಂದಿ ಇದೆ. ಎರಡೂ ಕಡೆ ಬೋಲ್ಟನ್ನ ಕೊಳವೆ ಸಮೇತ ಕೊಯ್ಯಬೇಕು. ನಾಲ್ಕು ಹ್ಯಾಕ್ಸಾ ಬ್ಲೇಡ್ ಹೋಯ್ತು. ಕತ್ತಲಾಗೋ ಹೊತ್ತಿಗೆ ಟ್ರನಿಯನ್ ಕೈಗೆ ಬಂತು.

ಕಂಬವನ್ನ ಮರೆಯಿಂದ ಬಿಚ್ಚಿದ್ರೆ ಒಳಗೆ ಡಾಂಬರಿನ ಥರ ಗಟ್ಟಿಯಾದ ಗ್ರೀಸ್. ಅದರ ಕೆಳಗೆ ಬರೀ ತುಕ್ಕು, ಉಕ್ಕಿನ ಮರೆಯಲ್ಲಿ ಗುಂಡಿಗಳು. ಕಾರಿನ ಪುಸ್ತಕದಲ್ಲಿ ಸ್ಪಷ್ಟವಾಗಿದೆ: ಇಲ್ಲಿಗೆ 90 ನಂಬರ್ ಗೇರ್ ಆಯಿಲ್. ಗ್ರೀಸ್ ಮರೆಯ ತಳದವರೆಗೆ ಇಳಿಯಲ್ಲ, ಗಟ್ಟಿಯಾಗಿ ಆಯಿಲ್‌ನ ದಾರಿಯನ್ನೂ ಮುಚ್ಚುತ್ತೆ. ಯಾವ ಮೆಕ್ಯಾನಿಕ್ ಹೀಗೆ ಮಾಡಿದ ಅಂತ ಬೈಕೊಂಡು ತಾತನ ಖರ್ಚಿನ ಪುಸ್ತಕ ತೆಗೆದೆ. ಪ್ರತಿ ತಿಂಗಳ ಮೊದಲ ಭಾನುವಾರದ ಎದುರು ಅದೇ ದುಂಡು ಅಕ್ಷರ: "ಮುಂದಿನ ಚಕ್ರಕ್ಕೆ ಗ್ರೀಸ್, ನಾನೇ." ವರ್ಷಗಟ್ಟಲೆ, ಒಂದು ತಿಂಗಳೂ ತಪ್ಪಿಲ್ಲ.

ದೊಡ್ಡಪ್ಪಂಗೆ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಂಗೆ ಯಾರೂ ಹೇಳಿರಲಿಲ್ಲ ಕಣೋ" ಅಂದ್ರು.

ಇಂಗ್ಲೆಂಡಿನಿಂದ ತರಿಸಿದ ಹೊಸ ಟ್ರನಿಯನ್ ಡಬ್ಬಿ ಮೇಲೆ ಹೆರಾಲ್ಡ್, ಸ್ಪಿಟ್‌ಫೈರ್ ಎರಡರ ಹೆಸರೂ ಇತ್ತು. ಎಡಗಡೆದು ಬಲಗಡೆಗೆ ಆಗಲ್ಲ, ಮರೆ ತಿರುಗೋ ದಿಕ್ಕೇ ಬೇರೆ. ಹೊಸ ಬುಷ್ ಬೆರಳಲ್ಲಿ ಒತ್ತಿದ್ರೆ ಕೂತ್ಕೊಳ್ತು, ಹಳೇದರ ಜೊತೆ ಅಷ್ಟು ಗುದ್ದಾಡಿದ್ದಕ್ಕೆ ನಗು ಬಂತು. ಹೊಸ ಕಂಬವನ್ನ ಮರೆಗೆ ಪೂರ್ತಿ ತಿರುಗಿಸಿ ಸ್ವಲ್ಪ ಹಿಂದಕ್ಕೆ ಬಿಟ್ವಿ, ಇಲ್ಲಾಂದ್ರೆ ಸ್ಟೀರಿಂಗ್ ಕೊನೆವರೆಗೆ ತಿರುಗಲ್ಲ. ಆಮೇಲೆ ಆಯಿಲ್ ತುಂಬಿದ್ವಿ. ತಾತನ ಪುಸ್ತಕದ ಕೊನೆ ಪುಟದಲ್ಲಿ ಜಾಗ ಇತ್ತು. ತಾರೀಖು ಹಾಕಿ ಬರೆದೆ: "ಎಡಗಡೆಗೆ 90 ಆಯಿಲ್."

ಬಲಗಡೆ ಬೋಲ್ಟ್ ಇನ್ನೂ ಅಲುಗಿಲ್ಲ. ಬರೋ ಭಾನುವಾರಕ್ಕೆ ಆರು ಬ್ಲೇಡ್ ತಂದಿಟ್ಟಿದೀನಿ. ರಟ್ಟೆ ಗಟ್ಟಿ ಇರೋರು ಬನ್ನಿ, ದೊಡ್ಡಮ್ಮ ಉಪ್ಪಿಟ್ಟು ಮಾಡ್ತಾರೆ.