ಕೂಲಿಮಠದಿಂದ ಮೊಬೈಲಿನವರೆಗೆ

“ಈಗ ಎಲ್ಲಾ ಮೊಬೈಲಿನಲ್ಲೇ ಸಿಗುತ್ತಲ್ಲ ಟೀಚರ್, ಮಕ್ಕಳನ್ನು ಶಾಲೆಗೆ ಕಳಿಸಲೇಬೇಕಾ?” ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸಕ್ಕಿಂತ ಮೊದಲು ನನಗೆ ಬಡಿಸುವುದು ಈ ಪ್ರಶ್ನೆಯನ್ನೇ. ಬೆಂಗಳೂರಿನಲ್ಲಿ ಕೆಲವರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದಾರಂತೆ ಎಂದು ಏನೋ ಹೊಸ ಸುದ್ದಿಯಂತೆ ಹೇಳುತ್ತಾರೆ. ಇತಿಹಾಸದ ಪಾಠ ಮಾಡುವ ನನಗೆ ಒಳಗೊಳಗೇ ನಗು. ಮನೆಪಾಠ ನಮಗೆ ಹಳೆಯದೇ. ಹೆಣ್ಣುಮಕ್ಕಳ ಪಾಲಿಗೆ ಹೊಸದೆಂದರೆ ಶಾಲೆ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಕಲಿಯುತ್ತಿದ್ದಾರೆ ಎಂದು ಕಲೆಕ್ಟರುಗಳಿಂದ ಲೆಕ್ಕ ಕೇಳಿದ. ಮದ್ರಾಸ್ ಪಟ್ಟಣದ ಲೆಕ್ಕದಲ್ಲಿ ಮನೆಯಲ್ಲಿ ಕಲಿಯುವವರು ಶಾಲೆಗೆ ಹೋಗುವವರ ಐದು ಪಟ್ಟಿಗಿಂತ ಹೆಚ್ಚು! ಮನ್ರೋಗೇ ಅದರ ಬಗ್ಗೆ ಅನುಮಾನ ಬಂತು. ಆಗ ಮದ್ರಾಸಿಗೆ ಸೇರಿದ್ದ ನಮ್ಮ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿಯಂತೂ ಕಥೆಯ ಹಾಗೆ ಓದಿಸಿಕೊಳ್ಳುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತ ಹೋಗುತ್ತಿತ್ತು. ಇಪ್ಪತ್ತನೆಯವನ ಗತಿ ದೇವರಿಗೇ ಪ್ರೀತಿ! ನಮ್ಮ ಅಜ್ಜಂದಿರು ಹೇಳುತ್ತಿದ್ದ ಕೂಲಿಮಠ ಇಂಥದ್ದೇ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ರಾಗವಾಗಿ ಮಗ್ಗಿ ಹೇಳುವುದು, ಅಯ್ಯನವರ ಬೆತ್ತ.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. ಇಡೀ ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅವರಲ್ಲಿ ಹುಡುಗಿಯರು 60. ತರಗತಿಯಲ್ಲಿ ಈ ಅಂಕಿಯನ್ನು ಬೋರ್ಡಿನ ಮೇಲೆ ಬರೆದಾಗಲೆಲ್ಲ ಹುಡುಗಿಯರು ಸೊನ್ನೆ ಬಿಟ್ಟುಹೋಗಿದೆ ಎಂದುಕೊಂಡು, “ಮಿಸ್, 600 ಇರಬೇಕು” ಎನ್ನುತ್ತಾರೆ.

ಉಳಿದವರಿಗೆ ಇದ್ದದ್ದು ಮನೆಯೇ, ಅದೂ ಅಪ್ಪನಿಗೆ ಮನಸ್ಸಿದ್ದರೆ. ನಂಜನಗೂಡು ತಿರುಮಲಾಂಬಾ ಅವರಿಗೆ ಅಂಥ ತಂದೆ ಸಿಕ್ಕಿದ್ದರು. 1887ರಲ್ಲಿ ಹುಟ್ಟಿ ಬಾಲ್ಯದಲ್ಲೇ ವಿಧವೆಯಾದ ಮಗಳನ್ನು ಅವರು ಮೂಲೆಯಲ್ಲಿ ಕೂರಿಸದೆ ಓದಿಸಿದರು. ಆ ಮಗಳು 1913ರಲ್ಲಿ ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು, ಗ್ರಂಥಮಾಲೆ ನಡೆಸಿದರು, ಪತ್ರಿಕೆ ಹೊರಡಿಸಿದರು. ಮನೆಪಾಠದಿಂದ ಏನಾದೀತು ಎನ್ನುವವರಿಗೆ ನಾನೇ ಇವರ ಹೆಸರು ಹೇಳುತ್ತೇನೆ.

ನನ್ನ ಅಜ್ಜಿ ಕಲಿತದ್ದೂ ಮನೆಯಲ್ಲೇ. ಮೇಷ್ಟ್ರು ಬಂದು ಅಣ್ಣನಿಗೆ ಪಾಠ ಹೇಳುವಾಗ ಅವಳು ಕಂಬದ ಹಿಂದೆ ಕೂತು ಹೂ ಕಟ್ಟುತ್ತ ಕೇಳಿಸಿಕೊಳ್ಳುತ್ತಿದ್ದಳಂತೆ. ಕೊನೆಯವರೆಗೂ ಅವಳಿಗೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. “ಕೈ ಎರಡೂ ಹೂವಿನಲ್ಲಿದ್ವಲ್ಲೇ” ಎನ್ನುತ್ತಿದ್ದಳು.

1881ರಲ್ಲಿ ಮೈಸೂರಿನಲ್ಲಿ ಅಂಬಳೆ ನರಸಿಂಹಯ್ಯಂಗಾರ್ಯರ ಮುತುವರ್ಜಿಯಿಂದ ಅರಮನೆಯ ಆಶ್ರಯದಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆದದ್ದು ಅದೇ. ಅದಕ್ಕೂ ಮುಂಚೆ ಮಿಷನರಿಗಳ ಶಾಲೆಗಳಿದ್ದವು. ಅಲ್ಲಿ ಕಲಿಸಿದ ಪುಸ್ತಕಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು, ದಿನದ ಕೆಲವು ಗಂಟೆಯಾದರೂ ಆ ಹುಡುಗಿಯರು ಮನೆಯವರ ಕೂಗಿಗೆ ಸಿಗುತ್ತಿರಲಿಲ್ಲ ಎನ್ನುವುದು. ತೊಟ್ಟಿಲು ತೂಗು, ಬತ್ತಿ ಹೊಸಿ ಎಂದು ಹೇಳುವವರು ಅಲ್ಲಿರಲಿಲ್ಲ. ಪಕ್ಕದಲ್ಲಿ ಬೇರೆ ಮನೆಯ ಹುಡುಗಿಯೊಬ್ಬಳು ಇರುತ್ತಿದ್ದಳು.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ತರಗತಿಯೇ ಮನೆಯೊಳಗೆ ಬಂತು. ಚಂದನ ವಾಹಿನಿಯಲ್ಲಿ ಪಾಠಗಳಾದವು. ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ ಎಂದಿತು. ಮೇಷ್ಟರುಗಳು ಗುಡಿಯ ಜಗಲಿಯಲ್ಲಿ, ಮರದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡರು. ಇನ್ನೂರು ವರ್ಷದ ಕೂಲಿಮಠ ಮತ್ತೆ ಎದ್ದು ಬಂದಂತೆ! ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ನಾನೂ ಮೊಬೈಲಿನ ಮುಂದೆ ಕೂತು ಪಾಠ ಮಾಡಿದೆ. ಹುಡುಗರ ಕಡೆಯಿಂದ ಕ್ರಿಕೆಟ್ ಗಲಾಟೆ, ಹುಡುಗಿಯರ ಕಡೆಯಿಂದ ಕುಕ್ಕರಿನ ಸೀಟಿ. ಪಾಠದ ನಡುವೆ ಒಬ್ಬಳು ಮೈಕ್ ಆರಿಸುವುದನ್ನು ಮರೆತು, “ಮೂರು ಆಯ್ತಮ್ಮಾ, ಇಳಿಸ್ತೀನಿ” ಎಂದಳು. ಎಲ್ಲರೂ ನಕ್ಕರು. ಮನೆಯಲ್ಲಿ ಒಂದೇ ಫೋನಿದ್ದರೆ ಅದು ಅಣ್ಣನ ಕೈಯಲ್ಲಿರುತ್ತಿತ್ತು. ಅಜ್ಜಿಯ ಕಂಬ ನೆನಪಾಗುತ್ತಿತ್ತು ನನಗೆ.

ಮನೆಪಾಠ ಬೇಡವೇ ಬೇಡ ಎಂದು ನಾನು ಹೇಳಲಾರೆ. ಕಾಯಿಲೆಯ ಮಗು, ಗದ್ದಲಕ್ಕೆ ಹೆದರುವ ಮಗು ಮನೆಯಲ್ಲಿ ಚೆನ್ನಾಗಿ ಕಲಿತೀತು. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಪರೀಕ್ಷೆಯನ್ನೂ ಕಟ್ಟಬಹುದು. ಆದರೆ ಕಲಿಸುವವರಿಗೆ ಬಿಡುವಿರಬೇಕು, ಕಲಿಯುವವಳ ಕೈಗೂ ಬಿಡುವಿರಬೇಕು. ಅಂಥ ಮನೆ ನಮ್ಮ ಬೀದಿಯಲ್ಲಿ ಎಷ್ಟಿವೆ, ನೀವೇ ಎಣಿಸಿ ನೋಡಿ.

2021ರ ಆಗಸ್ಟ್ 23ರಂದು ಒಂಬತ್ತು, ಹತ್ತನೇ ತರಗತಿಗಳು ಮತ್ತೆ ತೆರೆದವು. ಆ ವಾರ ಒಬ್ಬ ತಾಯಿ ಮಗಳ ಜೊತೆ ಬಂದು, “ಮಿಸ್, ಆನ್‌ಲೈನೇ ಇನ್ನೂ ಸ್ವಲ್ಪ ದಿನ ಇರಲಿ. ಇವಳು ಮನೇಲಿದ್ರೆ ನನಗೆ ಎಷ್ಟೋ ಆಸರೆ” ಎಂದರು. ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಹುಡುಗಿ ನಮ್ಮಿಬ್ಬರನ್ನೂ ದಾಟಿ ಒಳಗೆ ಹೋಗಿ, ಎರಡನೇ ಬೆಂಚಿನ ಧೂಳನ್ನು ದುಪ್ಪಟ್ಟಾದಿಂದ ಒರೆಸುತ್ತಿದ್ದಳು.