ಪರನಾಡಿನ ಸಭೆಗಳಲ್ಲಿ ಬೊನ್‌ಹೋಫರ್

ಊರು ಬಿಟ್ಟು ಬಂದವರು ಮೊದಲು ಮಾಡುವ ಕೆಲಸವೆಂದರೆ ತಮ್ಮವರನ್ನು ಹುಡುಕುವುದು. ಹತ್ತು ಮನೆಯವರು ಕೂಡಿದರೆ ಒಂದು ಸಂಘ. ಸಂಘದ ಬೆನ್ನಿಗೇ ಹಬ್ಬ, ನಾಟಕ, ಮಕ್ಕಳಿಗೆ ನುಡಿ ಕಲಿಸುವ ತರಗತಿ. ಹೊರನಾಡ ಕನ್ನಡಿಗರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪರದೇಶಗಳಲ್ಲಿ ನೆಲೆಸಿದ ಜರ್ಮನರ ರೀತಿಯೂ ಹೀಗೆಯೇ ಇತ್ತು. ಅವರಲ್ಲಿ ಸಂಘದ ಸ್ಥಾನವನ್ನು ಬಹುಮಟ್ಟಿಗೆ ಚರ್ಚು ತುಂಬುತ್ತಿತ್ತು; ಅಲ್ಲಿನ ಸೇವೆಗೆ ತಾಯ್ನಾಡಿನಿಂದ ತರುಣ ಪಾದ್ರಿಗಳು ಅಲ್ಪಾವಧಿಗೆ ಹೋಗಿ ಬರುತ್ತಿದ್ದರು.

ಜರ್ಮನ್ ಪಾದ್ರಿ ಎಂದೊಡನೆ ನಮಗೆ ನೆನಪಾಗುವವರು ಮೋಗ್ಲಿಂಗ್ ಮತ್ತು ಕಿಟೆಲ್. ಅವರು ಕನ್ನಡ ನಾಡಿನಲ್ಲಿ ದೀರ್ಘಕಾಲ ನಿಂತು ಕನ್ನಡವನ್ನೇ ತಮ್ಮದಾಗಿಸಿಕೊಂಡವರು. ವರ್ಷ, ಎರಡು ವರ್ಷದ ಅಲ್ಪವಾಸ ಮನುಷ್ಯನಿಗೆ ಏನನ್ನು ಕಲಿಸಬಲ್ಲದು ಎಂಬುದಕ್ಕೆ ಮತ್ತೊಬ್ಬ ಜರ್ಮನ್ ಪಾದ್ರಿ ಡೀಟ್ರಿಕ್ ಬೊನ್‌ಹೋಫರ್ ಅವರ ಚರಿತ್ರೆ ಉತ್ತಮ ನಿದರ್ಶನ.

1906ರಲ್ಲಿ ಜನಿಸಿದ ಬೊನ್‌ಹೋಫರ್ 1928ರ ಫೆಬ್ರವರಿಯಲ್ಲಿ ಸ್ಪೇನಿನ ಬಾರ್ಸಿಲೋನಾ ನಗರಕ್ಕೆ ಬಂದರು. ಅಲ್ಲಿನ ಜರ್ಮನ್ ಸಭೆಗೆ ಒಂದು ವರ್ಷದ ಮಟ್ಟಿಗೆ ಸಹಾಯಕ ಪಾದ್ರಿ. ಆಗ ಅವರಿಗೆ 22 ವರ್ಷ. ಡಾಕ್ಟರೇಟ್ ಪ್ರಬಂಧವನ್ನು ಆಗಲೇ ಮುಗಿಸಿದ್ದರು. ಸಭಿಕರಲ್ಲಿ ವ್ಯಾಪಾರಿಗಳೇ ಹೆಚ್ಚು. ಭಾನುವಾರದ ಆರಾಧನೆಗೆ ಬರುವವರು ಸುಮಾರು 40 ಮಂದಿ. ಮಕ್ಕಳಿಗಾಗಿ ಅವರು ಪ್ರತ್ಯೇಕ ಆರಾಧನೆ ತೊಡಗಿದಾಗ ಮೊದಲ ವಾರ ಬಂದದ್ದು ಒಬ್ಬಳೇ ಹುಡುಗಿ. ಅವರು ಎದೆಗುಂದಲಿಲ್ಲ. ಕೆಲವೇ ವಾರಗಳಲ್ಲಿ ಕೋಣೆ ತುಂಬಿತು. ವ್ಯಾಪಾರದಲ್ಲಿ ಮುಳುಗಿದವರು, ಊರಿಗೆ ಮರಳಲು ಕಾಸಿಲ್ಲದ ಅಲೆಮಾರಿಗಳು, ಸರ್ಕಸ್ಸಿನಿಂದ ಓಡಿಬಂದ ಪ್ರಾಣಿ ಪಳಗಿಸುವವರು - ಇಂಥವರೆಲ್ಲ ಸಹಾಯ ಬೇಡಿ ಬರುತ್ತಿದ್ದರು. ಪ್ರಾಧ್ಯಾಪಕರ ಮನೆತನದಲ್ಲಿ ಬೆಳೆದ ತರುಣನಿಗೆ ಬಡತನದ ಮುಖ ಹತ್ತಿರದಿಂದ ಕಂಡದ್ದು ಇಲ್ಲಿಯೇ.

ಆದರೆ ಇನ್ನೊಂದು ಸಂಗತಿಯನ್ನು ನಾವು ಮರೆಮಾಚಬಾರದು. 1929ರ ಫೆಬ್ರವರಿಯಲ್ಲಿ, ಊರಿಗೆ ಹೊರಡುವ ಮುನ್ನ, ಅವರು ಅದೇ ಸಭೆಯಲ್ಲಿ ನೀತಿಯನ್ನು ಕುರಿತು ಒಂದು ಉಪನ್ಯಾಸ ಕೊಟ್ಟರು. ತನ್ನ ಜನರ ಮೇಲಿನ ಪ್ರೀತಿಯಿಂದ ಯುದ್ಧದಲ್ಲಿ ಆಯುಧ ಹಿಡಿಯುವುದನ್ನು ಅದರಲ್ಲಿ ಸಮರ್ಥಿಸಿದರು. ವರ್ಷವಿಡೀ ಪರದೇಶದಲ್ಲಿದ್ದರೂ ಅವರ ಒಡನಾಟ ಬಹುತೇಕ ತಮ್ಮವರ ನಡುವೆಯೇ. ಊರಿನಿಂದ ಹೊತ್ತು ತಂದ ಅಭಿಮಾನವನ್ನು ಪ್ರಶ್ನಿಸುವವರು ಅಲ್ಲಿ ಇರಲಿಲ್ಲವೆಂದೇ ತೋರುತ್ತದೆ.

ಪ್ರಶ್ನಿಸುವವರು ದೊರೆತದ್ದು ನ್ಯೂಯಾರ್ಕಿನಲ್ಲಿ. 1930ರಲ್ಲಿ ಅಲ್ಲಿನ ಯೂನಿಯನ್ ಥಿಯೊಲಾಜಿಕಲ್ ಸೆಮಿನರಿಗೆ ಒಂದು ವರ್ಷದ ಅಧ್ಯಯನಕ್ಕೆಂದು ಹೋದರು. ಜರ್ಮನರ ಪಾಲಿಗೆ ಮೊನ್ನೆಯವರೆಗೆ ವೈರಿಯಾಗಿದ್ದ ಫ್ರಾನ್ಸಿನ ತರುಣ ಜಾನ್ ಲಾಸೆರ್ ಸಹಪಾಠಿಯಾದರು. ಶಾಂತಿಯೇ ಕ್ರೈಸ್ತನ ಕರ್ತವ್ಯವೆಂಬ ಅವರ ಮಾತು ಬೊನ್‌ಹೋಫರರನ್ನು ಕಲಕಿತು. ಇನ್ನೊಬ್ಬ ಸಹಪಾಠಿ, ಕಪ್ಪು ಅಮೆರಿಕನ್ನರಾದ ಫ್ರಾಂಕ್ ಫಿಷರ್, ಹಾರ್ಲೆಮ್ ಬಡಾವಣೆಯ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸೇವಾನುಭವ ಪಡೆಯುತ್ತಿದ್ದರು. ಅವರ ಜೊತೆಗೆ ಬೊನ್‌ಹೋಫರರೂ ವಾರವಾರ ಅಲ್ಲಿಗೆ ಹೋಗಿ ಹುಡುಗರಿಗೆ ಭಾನುವಾರ ಶಾಲೆಯ ಪಾಠ ಹೇಳಿದರು. 1808ರಲ್ಲಿ ಸ್ಥಾಪಿತವಾದ ಸಭೆಯದು. ಬಿಳಿಯರ ಚರ್ಚಿನಲ್ಲಿ ಪ್ರತ್ಯೇಕವಾಗಿ ಕೂರಿಸಿದುದನ್ನು ಸಹಿಸದೆ ಹೊರಬಂದವರು ಕಟ್ಟಿದ್ದು. ಅಂದಿನ ಹಾರ್ಲೆಮ್‌ನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಂದಲೂ ವೆಸ್ಟ್ ಇಂಡೀಸ್ ದ್ವೀಪಗಳಿಂದಲೂ ಬಂದವರು ಒಟ್ಟಿಗೆ ಬಾಳುತ್ತಿದ್ದರು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಪಾದ್ರಿ ಆಡಮ್ ಕ್ಲೇಟನ್ ಪವೆಲ್ ಅವರ ಮುಂದಾಳುತನದಲ್ಲಿ ಚರ್ಚು ಹಸಿದವರಿಗೆ ಊಟ ಹಾಕುತ್ತಿತ್ತು. ಒಮ್ಮೆ ಹೋಟೆಲೊಂದರಲ್ಲಿ ಫಿಷರರಿಗೆ ಬಡಿಸಲು ಒಪ್ಪದಿದ್ದಾಗ ಬೊನ್‌ಹೋಫರ್ ತಾವೂ ಎದ್ದು ಹೊರನಡೆದರು. ಜನಾಂಗದ್ವೇಷದ ಕಹಿ ಗೆಳೆಯನ ಪಕ್ಕದಲ್ಲಿ ಕುಳಿತಾಗ ಅವರಿಗೆ ತಿಳಿಯಿತು.

1931ರಲ್ಲಿ ಊರಿಗೆ ಮರಳಿದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು, ಯೆಹೂದಿ ಮೂಲದವರನ್ನು ಸರಕಾರಿ ಹುದ್ದೆಗಳಿಂದ ಹೊರದೂಡುವ ಕಾನೂನು ಏಪ್ರಿಲಿನಲ್ಲಿ ಜಾರಿಯಾಯಿತು. ಅದೇ ವಸಂತದಲ್ಲಿ ಅದರ ವಿರುದ್ಧ ಬರೆದ ಕೆಲವೇ ಪಾದ್ರಿಗಳಲ್ಲಿ ಬೊನ್‌ಹೋಫರ್ ಒಬ್ಬರು. ಅಕ್ಟೋಬರಿನಲ್ಲಿ ಲಂಡನ್ನಿಗೆ ಹೋಗಿ ಎರಡು ಜರ್ಮನ್ ಸಭೆಗಳ ಹೊಣೆ ಹೊತ್ತರು. ಒಂದು ಅನುಕೂಲಸ್ಥರದು, ಇನ್ನೊಂದು ಪೂರ್ವ ಲಂಡನ್ನಿನ ಕಸಾಯಿಗಳು, ಬ್ರೆಡ್ ಸುಡುವವರು, ದರ್ಜಿಗಳದು. ಬಾರ್ಸಿಲೋನಾದಂತೆ ಇವರೂ ತಮ್ಮವರೇ. ಆದರೆ ಈ ಸಲ ಪಾದ್ರಿ ಬದಲಾಗಿದ್ದರು. ದೇಶ ಬಿಟ್ಟು ಓಡಿಬಂದವರಿಗೆ ನೆರವಾದರು. 1934ರ ನವೆಂಬರಿನಲ್ಲಿ ಇಂಗ್ಲೆಂಡಿನ ಜರ್ಮನ್ ಸಭೆಗಳು ಹಿಟ್ಲರನ ಪರವಾದ ಚರ್ಚಿನ ಆಡಳಿತದಿಂದ ಬೇರ್ಪಡಲು ನಿರ್ಧರಿಸಿದುದರಲ್ಲಿ ಅವರ ಪಾತ್ರ ದೊಡ್ಡದು.

ಆಗಲೇ ಅವರಿಗೆ ಗಾಂಧೀಜಿಯವರ ಬಳಿ ಇದ್ದು ಅಹಿಂಸೆಯ ಮಾರ್ಗವನ್ನು ಕಲಿಯಬೇಕೆಂಬ ಹಂಬಲ. ಆಶ್ರಮಕ್ಕೆ ಬರಬಹುದೆಂದು ಗಾಂಧೀಜಿ 1934ರ ನವೆಂಬರ್ 1ರಂದು ಪತ್ರ ಬರೆದರು. ಆದರೆ 1935ರಲ್ಲಿ ಹಿಟ್ಲರನಿಗೆ ಮಣಿಯದ ಚರ್ಚಿನವರು ತರುಣ ಪಾದ್ರಿಗಳಿಗೆ ಶಿಕ್ಷಣ ಕೊಡಲು ಕರೆದುದರಿಂದ ಅವರು ಜರ್ಮನಿಗೆ ಹೋದರು, ಭಾರತಯಾತ್ರೆ ಕೈಗೂಡಲಿಲ್ಲ. ಆ ಶಿಷ್ಯರಿಗೆ ಹಾರ್ಲೆಮ್‌ನ ಭಕ್ತಿಗೀತೆಗಳನ್ನು ಗ್ರಾಮಫೋನಿನಲ್ಲಿ ಕೇಳಿಸುತ್ತಿದ್ದರು.

1939ರ ಜೂನಿನಲ್ಲಿ ಗೆಳೆಯರು ಅವರನ್ನು ಸುರಕ್ಷಿತವಾಗಿರಲೆಂದು ಮತ್ತೆ ನ್ಯೂಯಾರ್ಕಿಗೆ ಕರೆಸಿಕೊಂಡರು. ತನ್ನ ಜನರ ಕಷ್ಟದಲ್ಲಿ ಪಾಲುಗೊಳ್ಳದವನಿಗೆ ಮುಂದೆ ನಾಡು ಕಟ್ಟುವ ಹಕ್ಕಿಲ್ಲವೆಂದು ಬಗೆದು ಜುಲೈನಲ್ಲೇ ಹಿಂದಿರುಗಿದರು. 1943ರ ಏಪ್ರಿಲ್ 5ರಂದು ಬಂಧನ; 1945ರ ಏಪ್ರಿಲ್ 9ರಂದು ಗಲ್ಲು. ಆಗ ಅವರಿಗೆ 39 ವರ್ಷ.

ತನ್ನ ಜನರ ಮೇಲಿನ ಪ್ರೀತಿ ಅವರಲ್ಲಿ ಕೊನೆಯವರೆಗೂ ಇತ್ತು. ಹಾರ್ಲೆಮ್‌ನ ನಂತರ ಅದರಲ್ಲಿ ಪರರಿಗೂ ಎಡೆ ದೊರೆಯಿತು. ನಾವೂ ಪರಸ್ಥಳದಲ್ಲಿ ಕನ್ನಡದ ದೀಪ ಹಚ್ಚಿದವರು, ಅದು ಆರದಂತೆ ನೋಡಿಕೊಳ್ಳಲೇಬೇಕು. ಅದರೊಡನೆ ನೆರೆಮನೆಯವರ ನುಡಿಯನ್ನೂ ನೋವನ್ನೂ ನಾವೆಷ್ಟು ಅರಿತಿದ್ದೇವೆ ಎಂದು ಆಗಾಗ ಕೇಳಿಕೊಳ್ಳುವುದು ಒಳ್ಳೆಯದು.