ಇಂಗಾಲದ ಬೆಳಕಿನ ಆಯುಷ್ಯ

ವಾಲ್ವ್ ರೇಡಿಯೋ ಇದ್ದ ಮನೆಗಳವರಿಗೆ ಅದರ ಹಸುರು ಕಣ್ಣಿನ ನೆನಪಿರಬೇಕು. ನಿಲಯ ಸರಿಯಾಗಿ ಸಿಕ್ಕಿತೆಂದರೆ ಆ ಕಣ್ಣಿನೊಳಗಿನ ನೆರಳು ಕಿರಿದಾಗುತ್ತಿತ್ತು. ಹೊಸತರಲ್ಲಿ ಕತ್ತಲೆ ಕೋಣೆಯಲ್ಲಿ ಜಗ್ಗನೆ ಹೊಳೆಯುತ್ತಿದ್ದ ಅದು ಕೆಲವು ವರ್ಷಗಳಲ್ಲಿ ಮಂಕಾಗುತ್ತಿತ್ತು. ರೇಡಿಯೋ ಮಾತ್ರ ಚೆನ್ನಾಗಿ ಹಾಡುತ್ತಲೇ ಇರುತ್ತಿತ್ತು. ಇಂದಿನ ಫೋನು, ಟೆಲಿವಿಷನ್‌ಗಳ ಮುಖದಲ್ಲಿ ಬೆಳಗುವ ಓಎಲ್‌ಇಡಿಯ ಕಥೆಯಲ್ಲಿಯೂ ಇದೇ ತೊಡಕು. ಬೆಳಕು ಹೊತ್ತಿದ ಕಥೆಯನ್ನು ಹೇಳುವವರು ಬಹಳ. ಹೊತ್ತಿದ್ದು ಬಾಳದೆ ಕಾಡಿದ ಕಥೆಯನ್ನು ಹೇಳುವವರು ಕಡಮೆ.

ಈ ಹೆಸರಿನ ಮೊದಲಕ್ಷರ ಸಾವಯವ ವಸ್ತುವನ್ನು ಸೂಚಿಸುತ್ತದೆ. ಗೊಬ್ಬರದ ಅಂಗಡಿಯ ಸಾವಯವವಲ್ಲ ಇದು. ಇಂಗಾಲವೇ ಬೆನ್ನೆಲುಬಾಗಿರುವ ರಾಸಾಯನಿಕಗಳು, ಎಂದರೆ ಬಟ್ಟೆಗೆ ಹಾಕುವ ಬಣ್ಣಗಳು, ಕಲ್ಲಿದ್ದಲ ಟಾರಿನಿಂದ ತೆಗೆಯುವ ಆಂಥ್ರಸೀನ್ ಮುಂತಾದುವು. ಸಾಮಾನ್ಯವಾಗಿ ಇವು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವ ಜಾತಿಯವಲ್ಲ. ಆದರೂ 1950ರ ದಶಕದಲ್ಲಿ ಫ್ರಾನ್ಸಿನ ನಾನ್ಸಿ ನಗರದಲ್ಲಿ ಆಂದ್ರೆ ಬೆರ್ನನೋಸ್ ಮತ್ತು ಸಂಗಡಿಗರು ಅಕ್ರಿಡಿನ್ ಜಾತಿಯ ಬಣ್ಣಗಳಿಗೆ ಹೆಚ್ಚಿನ ಒತ್ತಡದ ವಿದ್ಯುತ್ತನ್ನು ಕೊಟ್ಟು ಅವು ಬೆಳಗುವುದನ್ನು ಕಂಡರು. 1963ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಮಾರ್ಟಿನ್ ಪೋಪ್ ಅವರ ತಂಡ ಆಂಥ್ರಸೀನ್ ಹರಳಿನಿಂದ ಬೆಳಕು ಪಡೆಯಿತು. ಅದಕ್ಕೆ ಬೇಕಾದದ್ದು ಸುಮಾರು 400 ವೋಲ್ಟು, ದೊರೆತದ್ದು ಮಿಣುಕು. ಈ ವ್ಯಾಪಾರದಲ್ಲಿ ಲಾಭವಿಲ್ಲವೆಂದು ಹೆಚ್ಚಿನವರು ಕೈಬಿಟ್ಟರೆ ಆಶ್ಚರ್ಯವೇನು?

ಲಾಭ ತೋರಿಸಿದವರು ಕ್ಯಾಮರಾ ಫಿಲ್ಮಿಗೆ ಹೆಸರಾದ ಈಸ್ಟ್‌ಮನ್ ಕೊಡಕ್ ಕಂಪನಿಯವರು. ಹಾಂಗ್‌ಕಾಂಗಿನಲ್ಲಿ ಹುಟ್ಟಿದ ಚಿಂಗ್ ಟಾಂಗ್ ಮತ್ತು ಅವರ ಸಹೋದ್ಯೋಗಿ ಸ್ಟೀವನ್ ವಾನ್ ಸ್ಲೈಕ್ ಅಮೆರಿಕದ ರಾಚೆಸ್ಟರಿನಲ್ಲಿ ದಪ್ಪ ಹರಳನ್ನು ಬಿಟ್ಟು ತೆಳು ಪದರಗಳನ್ನು ಹಿಡಿದರು. ಒಂದು ಪದರವಲ್ಲ, ಎರಡು. ಒಂದು ಪದರ ಎಲೆಕ್ಟ್ರಾನುಗಳನ್ನು ಸಾಗಿಸುತ್ತದೆ. ಇನ್ನೊಂದು ಎಲೆಕ್ಟ್ರಾನು ತೆರವು ಮಾಡಿದ ಖಾಲಿ ಜಾಗಗಳನ್ನು, ವಿಜ್ಞಾನಿಗಳ ಮಾತಿನಲ್ಲಿ ರಂಧ್ರಗಳನ್ನು, ಸಾಗಿಸುತ್ತದೆ. ಎರಡೂ ಗಡಿಯಲ್ಲಿ ಸಂಧಿಸಿದಾಗ ಬೆಳಕು ಹುಟ್ಟುತ್ತದೆ. ಪದರಗಳೆರಡೂ ಸೇರಿ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತ ತುಸು ಹೆಚ್ಚು ದಪ್ಪ. 1987ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ 400 ವೋಲ್ಟು ಹತ್ತು ವೋಲ್ಟಿಗಿಂತ ಕೆಳಗಿಳಿದಿತ್ತು. ನೂರು ಎಲೆಕ್ಟ್ರಾನು ಹರಿದರೆ ಒಂದು ಬೆಳಕಿನ ಕಣ ಹೊರಬರುತ್ತಿತ್ತು. ಶೇಕಡ ಒಂದೇ ಎಂದು ನಗಬಾರದು. ಹಿಂದಿನದಕ್ಕೆ ಹೋಲಿಸಿದರೆ ಅದು ಸಂಪತ್ತು.

ಬೆಳಕು ಬೀರಲು ಅವರು ಆರಿಸಿದ್ದು ಅಲ್ಯೂಮಿನಿಯಂ ಮತ್ತು ಹೈಡ್ರಾಕ್ಸಿಕ್ವಿನೊಲಿನ್ ಸೇರಿದ ಒಂದು ಸಂಯುಕ್ತ. ದ್ರಾವಣದಲ್ಲಿ ಅಲ್ಯೂಮಿನಿಯಂ ಎಷ್ಟಿದೆಯೆಂದು ತೂಗಿ ನೋಡಲು ರಸಾಯನಶಾಸ್ತ್ರದವರು ಬಹುಕಾಲದಿಂದ ಬಳಸುತ್ತಿದ್ದ ಸಾಧಾರಣ ಪದಾರ್ಥವದು. ಎಲೆಕ್ಟ್ರಾನು ಒದಗಿಸುವ ಲೋಹವಾಗಿ, ಅದನ್ನು ಸುಲಭವಾಗಿ ಬಿಟ್ಟುಕೊಡುವ ಮೆಗ್ನೀಸಿಯಂ. ಹತ್ತು ಪಾಲು ಮೆಗ್ನೀಸಿಯಮ್ಮಿಗೆ ಒಂದು ಪಾಲು ಬೆಳ್ಳಿ. ಆದರೆ ಈ ಉದಾರ ಲೋಹ ಗಾಳಿಗೂ ತೇವಕ್ಕೂ ಅಷ್ಟೇ ಸುಲಭವಾಗಿ ಸೋಲುತ್ತದೆ. ತೇವ ಸೋಂಕಿದರೆ ಬೆಳಗುವ ಮೈಮೇಲೆ ಕಪ್ಪು ಚುಕ್ಕೆಗಳೇಳುತ್ತಿದ್ದುವು. ಗಾಜಿನ ಮುಚ್ಚಳ ಹಾಕಿ, ಒಳಗೆ ತೇವ ಹೀರುವ ವಸ್ತುವಿಟ್ಟು ಮುದ್ರೆಯೊತ್ತಿದಾಗ ಇದು ಹತೋಟಿಗೆ ಬಂತು.

ಮುಚ್ಚಿಟ್ಟರೂ ಮಂಕಾಗುವುದು ಮಾತ್ರ ನಿಲ್ಲಲಿಲ್ಲ. ಮೊದಲ ದೀಪದ ಬೆಳಕು ಸುಮಾರು 100 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತಿತ್ತು. ದಿನಕ್ಕೆ ಐದು ಗಂಟೆ ಉರಿಸಿದರೆ ಮೂರು ವಾರದೊಳಗೆ ಮುಪ್ಪು! 1996ರಲ್ಲಿ ಕೊಡಕ್‌ನವರೇ ರಂಧ್ರ ಸಾಗಿಸುವ ವಸ್ತುವನ್ನು ಬದಲಿಸಿ, ಅದರಡಿಯಲ್ಲಿ ತಾಮ್ರದ ಥ್ಯಾಲೊಸಯನೀನ್ ಎಂಬ ನೀಲಿ ವರ್ಣದ್ರವ್ಯದ ಪದರವೊಂದನ್ನು ಹಾಸಿದರು. ಆಯುಷ್ಯ 4000 ಗಂಟೆಗಳಿಗೆ ಏರಿತು. ಮರುವರ್ಷ ಜಪಾನಿನ ಪಯೋನಿಯರ್ ಕಂಪನಿ ಈ ಬೆಳಕನ್ನು ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಎಲ್ಲಿ ಎನ್ನುತ್ತೀರಿ? ಮೋಟಾರು ಕಾರಿನ ರೇಡಿಯೋದ ಮುಖದಲ್ಲಿ. ಅದೂ ಹಸುರು ಬಣ್ಣದಲ್ಲಿ.

ಆ ನೀಲಿ ಹಾಸು ಏಕೆ ಗುಣಕಾರಿಯಾಯಿತೆಂಬುದರ ಒಂದು ಮನವರಿಕೆಯಾಗುವ ಉತ್ತರ ಬಂದದ್ದು 1999ರಲ್ಲಿ, ಕೆನಡದ ಜೆರಾಕ್ಸ್ ಸಂಶೋಧನ ಕೇಂದ್ರದಿಂದ. ಹಾನಿ ಅಜೀಜ್ ಮತ್ತು ಸಂಗಡಿಗರು, ಬೆಳಕು ಬೀರುವ ಅಲ್ಯೂಮಿನಿಯಂ ಸಂಯುಕ್ತಕ್ಕೆ ಬರಿಯ ರಂಧ್ರಗಳು ನುಗ್ಗಿದರೆ ಅದು ಕೆಡುತ್ತದೆಂದು ತೋರಿಸಿದರು. ರಂಧ್ರಗಳು ಎಲೆಕ್ಟ್ರಾನುಗಳಿಗಿಂತ ಚುರುಕು. ಜೊತೆಗಾರ ಸಿಕ್ಕದೆ ಮಿಕ್ಕವು ಗಡಿ ದಾಟಿ ಹಾಳುಮಾಡುತ್ತಿದ್ದುವು. ನೀಲಿ ಹಾಸು ಅವುಗಳ ಓಟಕ್ಕೆ ಕಡಿವಾಣ ಹಾಕಿತ್ತು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಘಟ್ಟವಿಲ್ಲ: ಹೆಚ್ಚು ವಿದ್ಯುತ್ತು ನುಗ್ಗಿಸುವ ಬದಲು, ನುಗ್ಗುವುದನ್ನು ತಡೆದು ಬಾಳಿಕೆ ಪಡೆದದ್ದು.

ಇಷ್ಟಾದರೂ ಬೆಳಕಿನ ಬಹುಪಾಲು ಪೋಲಾಗುತ್ತಲೇ ಇತ್ತು. ಎಲೆಕ್ಟ್ರಾನು ರಂಧ್ರಗಳ ನಾಲ್ಕು ಜೋಡಿಗಳಲ್ಲಿ ಮೂರು ಸಾಧಾರಣ ಬಣ್ಣಗಳಲ್ಲಿ ಬೆಳಕಾಗದೆ ಬಿಸಿಯಾಗಿ ಹೋಗುತ್ತವೆ. ಪ್ರಿನ್ಸ್‌ಟನ್ನಿನ ಸ್ಟೀಫನ್ ಫಾರೆಸ್ಟ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯದ ಮಾರ್ಕ್ ಥಾಂಪ್ಸನ್ ಅವರ ತಂಡಗಳು 1998ರಲ್ಲಿ ಪ್ಲಾಟಿನಂ, ಮರುವರ್ಷ ಇರಿಡಿಯಂ ಸೇರಿದ ಅಣುಗಳನ್ನು ಬಳಸಿದುವು. ಭಾರವಾದ ಈ ಪರಮಾಣುಗಳ ಸಹವಾಸದಲ್ಲಿ ಆ ಮೂರು ಪಾಲೂ ಬೆಳಗತೊಡಗಿದುವು. ಕೆಂಪಿಗೂ ಹಸುರಿಗೂ ಈ ಉಪಾಯ ಚೆನ್ನಾಗಿ ಒಗ್ಗಿತು.

ಒಗ್ಗದೆ ಹಟ ಹಿಡಿದದ್ದು ನೀಲಿ. ನೀಲಿ ಬೆಳಕಿನ ಕಣದಲ್ಲಿ ಶಕ್ತಿ ಹೆಚ್ಚು. ಇರಿಡಿಯಮ್ಮಿನ ಅಣು ಆ ಶಕ್ತಿಯನ್ನು ಹೊತ್ತು ಸಾಧಾರಣ ಬಣ್ಣಕ್ಕಿಂತ ಬಹಳ ಹೊತ್ತು ಕಾಯುತ್ತದೆ. ಅಷ್ಟರಲ್ಲಿ ಉದ್ರಿಕ್ತ ಅಣುಗಳೆರಡು ಸಂಧಿಸಿದರೆ, ಕೂಡಿದ ಶಕ್ತಿಗೆ ಅಣುವಿನ ಬಂಧವೇ ಮುರಿದೀತು. ಆದುದರಿಂದ ತಯಾರಕರು ಬಹುಕಾಲ ಕೆಂಪು ಹಸುರುಗಳಿಗೆ ಹೊಸ ವಸ್ತುವನ್ನೂ ನೀಲಿಗೆ ಮಿತವ್ಯಯವಿಲ್ಲದ ಹಳೆಯ ವಸ್ತುವನ್ನೂ ಬಳಸಿಕೊಂಡು ಬಂದರು. ಆಗಲೂ ನೀಲಿಯೇ ಮೊದಲು ಸೊರಗುತ್ತಿತ್ತು. 2007ರಲ್ಲಿ ಸೋನಿ ಕಂಪನಿ ಹನ್ನೊಂದು ಅಂಗುಲದ ಟೆಲಿವಿಷನ್ ಮಾರಿತು. ಅದರ ತೆಳುವಾದ ಭಾಗ ಬರಿಯ ಮೂರು ಮಿಲಿಮೀಟರು. ಅದನ್ನು 1000 ಗಂಟೆ ಉರಿಸಿ ಅಳೆದವರಿಗೆ ಕೆಂಪು ಶೇಕಡ 7, ಹಸುರು 8, ನೀಲಿ 12ರಷ್ಟು ಕುಗ್ಗಿದ್ದು ಕಂಡಿತು. ಮೂರೂ ಒಂದೇ ಸಮನೆ ಕುಗ್ಗಿದ್ದರೆ ನೋಡುವವರಿಗೆ ತಿಳಿಯುತ್ತಿರಲಿಲ್ಲವೇನೋ. ನೀಲಿ ಹಿಂದೆಬಿದ್ದರೆ ಚಿತ್ರದ ಬಿಳುಪು ಹಳದಿಗೆ ತಿರುಗುತ್ತದೆ.

2012ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾನಿಲಯದ ಚಿಹಾಯ ಅದಾಚಿ ಅವರ ತಂಡ, ಬೆಲೆಯುಳ್ಳ ಲೋಹವಿಲ್ಲದೆಯೇ ಪೋಲಾಗುವ ಪಾಲನ್ನು ಬೆಳಕಾಗಿಸಬಲ್ಲ ಅಣುಗಳನ್ನು ತೋರಿಸಿತು. ಬಾಳಿಕೆಯ ಕಡೆಯಿಂದ 2021ರ ಕೊನೆಯಲ್ಲಿ ಕೊರಿಯದ ಎಲ್‌ಜಿ ಡಿಸ್‌ಪ್ಲೇ ಇನ್ನೊಂದು ದಾರಿ ಹಿಡಿಯಿತು: ಬೆಳಕು ಬೀರುವ ಅಣುಗಳಲ್ಲಿರುವ ಜಲಜನಕವನ್ನು ತೆಗೆದು, ಅದರ ಭಾರವಾದ ಅಣ್ಣ ಡ್ಯೂಟೀರಿಯಮ್ಮನ್ನು ಕೂರಿಸುವುದು. ಇಂಗಾಲದೊಡನೆ ಅದು ಕಟ್ಟಿದ ಬಂಧ ಬೇಗ ಮುರಿಯುವುದಿಲ್ಲ. ನೀರಿನಲ್ಲಿ ಸುಮಾರು ಆರು ಸಾವಿರ ಜಲಜನಕ ಪರಮಾಣುಗಳಿಗೆ ಅಂಥದು ಒಂದೇ ಸಿಕ್ಕುತ್ತದೆ. ಅದನ್ನೇ ಹೆಕ್ಕಿ ತೆಗೆದು ಪರದೆಗೆ ಹಾಕಿದ್ದಾರೆ.